ಕುರ್ಚಿಯ ಮೇಲಿನ ಭಜನೆ

ಬಂಗಾಳದ ಅಲಿಪುರದ ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ಕನ್ನಡದ ಹೆಂಗಸರ ಮಂಗಳವಾರ ಸಂಜೆಯ ಭಜನೆಯೆಂದರೆ ಮೊದಲು ಕುರ್ಚಿಗಳು ಬರಬೇಕು. ದೇವರ ಪಟ, ದೀಪ, ಹೂವು ಎಲ್ಲ ಆಮೇಲೆ. ಆರಂಭದಲ್ಲಿ ಚಾಪೆ ಹಾಸುತ್ತಿದ್ದರು. ಚಾಪೆಯಲ್ಲಿ ಕುಳಿತರೆ ಎಬ್ಬಿಸುವವರು ಯಾರು ಎಂಬ ಮಾತು ಬಂತು. ಒಂದು ಕುರ್ಚಿ ಬಂತು, ಅದರ ಹಿಂದೆ ಇನ್ನೊಂದು. ಕೊನೆಗೆ, ಎದ್ದು ನಿಂತು ಹಾಡಬೇಕಾದ ಮಂಗಳವನ್ನೂ ಕೂತೇ ಹಾಡುವ ಪದ್ಧತಿಯಾಯಿತು. ಆ ಪದ್ಧತಿ ತಂದವಳು ಮ್ಯಾನೇಜರ್ ರತ್ನಾಕರನ ಹೆಂಡತಿ ಕುಸುಮಾವತಿ. ಅವಳ ಮಂಡಿಗೆ ಯಾವುದು ಹಿತವೋ ದೇವರಿಗೂ ಅದೇ ಹಿತವೆಂದು ಉಳಿದ ಹೆಂಗಸರು ಮರುಮಾತಿಲ್ಲದೆ ಒಪ್ಪಿಕೊಂಡಿದ್ದರು. ದೇವರು ದೊಡ್ಡವನು, ಆತನೂ ಏನೂ ಹೇಳಲಿಲ್ಲ.

ಭಜನೆ ಬೇಗ ಮುಗಿಯುತ್ತಿತ್ತು. ಗೋಳಿಬಜೆಯೂ ಬಂಗಾಳದ ಸಿಹಿ ಸಂದೇಶವೂ ತಟ್ಟೆಗೆ ಬಂದ ಮೇಲೆ ಶುರುವಾಗುವ ಎರಡನೆಯ ಭಜನೆಗೆ ಮಾತ್ರ ಕೊನೆಯಿರಲಿಲ್ಲ. ಒಂದು ಮಂಗಳವಾರ ಅದಕ್ಕೆ ಶ್ರುತಿ ಹಿಡಿದವಳು ರೈಲ್ವೆ ಕ್ವಾರ್ಟರ್ಸಿನಿಂದ ಬರುವ ಮೈಸೂರಿನ ಮಹಾಲಕ್ಷ್ಮಿ.

"ಕೇಳಿದ್ರಾ? ನಿಮ್ಮ ಪಕ್ಕದ ಮನೆ ಸ್ನೇಹಲತಾ ಗಾಲ್ಫ್ ಆಡೋಕೆ ಹೋಗ್ತಾಳಂತೆ!"

"ಅದು ದೊರೆಗಳ ಆಟ ಅಲ್ಲೇನವಾ?" ಎಂದರು ಧಾರವಾಡದ ಇಂದಿರಮ್ಮ. ಅಲ್ಲಿದ್ದವರಲ್ಲಿ ಅವರೇ ಹಿರಿಯರು.

"ದೊರೆಗಳು ಹೋದ್ರು, ಕೋಲು ಬಿಟ್ಟು ಹೋದ್ರು. ನಮ್ಮೋಳು ಎತ್ಕೊಂಡ್ಲು."

ಎಲ್ಲರೂ ನಕ್ಕರು. ಕುಸುಮಾವತಿ ಬಾಯಲ್ಲಿದ್ದುದನ್ನು ನುಂಗಿ ಹೇಳಿದಳು: "ನಾನೇ ನೋಡಿದ್ದೇನೆ ಮಾರಾಯ್ತಿ, ಹೊರಡುವಾಗ. ಸೆರಗು ಸೊಂಟಕ್ಕೆ ಬಿಗಿದು, ಸೀರೆ ಎತ್ತಿ ಕಟ್ಟಿ, ಕಾಲಿಗೆ ಕ್ಯಾನ್ವಾಸ್ ಬೂಟು. ನಮ್ಮ ಊರಲ್ಲಿ ನೇಜಿ ನೆಡ್ಲಿಕ್ಕೆ ಗದ್ದೆಗೆ ಇಳಿಯುವವರು ಸಹ ಅಷ್ಟು ಎತ್ತಿ ಕಟ್ಟುದಿಲ್ಲ."

"ಹೊಟ್ಟೇಲಿದ್ದ ಕೂಸು ಹೋಗಿ ವರ್ಷ ಆಗಿಲ್ಲ. ಆಗ್ಲೇ ಆಟ," ಎಂದಳು ಮಹಾಲಕ್ಷ್ಮಿ.

"ನಮ್ಮ ಭಜನೆಗೆ ಬರ್ಲಿಕ್ಕೆ ಅವಳಿಗೆ ಮೈಗೆ ಹುಷಾರಿಲ್ಲ. ಬಯಲಲ್ಲಿ ಕೋಲು ಬೀಸ್ಲಿಕ್ಕೆ ಹುಷಾರುಂಟು," ಎಂದಳು ಕುಸುಮಾವತಿ. "ನೋಡಿ, ಬರುವ ಮಂಗಳವಾರದ ಭಜನೆಯ ಒಳಗೆ ನಿಲ್ಲಿಸ್ತೇನೆ."

ನಿಲ್ಲಿಸುವುದು ಅವಳಿಗೆ ಕಷ್ಟವೇನೂ ಅಲ್ಲ. ಸ್ನೇಹಲತಾಳ ಗಂಡ ಸುಧಾಕರ ಪಾರ್ಕ್ ಸ್ಟ್ರೀಟ್ ಶಾಖೆಯಲ್ಲಿ ರತ್ನಾಕರನ ಕೈಕೆಳಗಿನ ಅಧಿಕಾರಿ. ಗಾಲ್ಫ್ ಕ್ಲಬ್ಬಿನ ಸದಸ್ಯತ್ವ ಬ್ಯಾಂಕಿನದು, ಬ್ಯಾಂಕು ಸರಕಾರದ್ದಾಗುವ ಮೊದಲೇ ಬಂದದ್ದು. ಕಟ್ಲೆಟ್ ತಿನ್ನಲು ಹೋಗುವುದನ್ನು ಬಿಟ್ಟರೆ ಯಾರಿಗೂ ಅದರ ಉಪಯೋಗ ಇರಲಿಲ್ಲ. ಮಗು ಹೋದ ಮೇಲೆ ಮಳೆಗಾಲವಿಡೀ ಕಿಟಕಿ ಮುಚ್ಚಿ ಕುಳಿತಿದ್ದ ಸ್ನೇಹಲತಾಳನ್ನು ಬಯಲಲ್ಲಿ ನಡೆದಾಡಿಸಬೇಕೆಂದು ಡಾಕ್ಟರು ಹೇಳಿದಾಗ, ಸುಧಾಕರ ಮ್ಯಾನೇಜರರ ಒಪ್ಪಿಗೆ ಪಡೆದು ಅವಳನ್ನು ಮಂಗಳವಾರ ಬೆಳಗಿನ ಹೆಂಗಸರ ಆಟಕ್ಕೆ ಕರೆದೊಯ್ದಿದ್ದ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರೆ ಆಯಿತು.

ಊಟಕ್ಕೆ ಬಡಿಸುತ್ತ ಕುಸುಮಾವತಿ ಗಂಡನಿಗೆ ಅದನ್ನೇ ಹೇಳಿದಳು.

"ಆ ಹುಡುಗಿ ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಿ ನಕ್ಕಳು," ಎಂದ ರತ್ನಾಕರ. "ಎಷ್ಟೋ ತಿಂಗಳಾಗಿತ್ತು ಅವಳ ನಗು ನೋಡದೆ."

"ನಗುದಕ್ಕೆ ಗಾಲ್ಫ್ ಬೇಕಾ? ನಮ್ಮವರ ಮರ್ಯಾದೆ ಎಂತ ಆಗ್ತದೆ ಗೊತ್ತುಂಟಾ?"

"ನೀನೇ ಹೋಗಿ ನೋಡಿ ಬಾ. ಬಂದ ಮೇಲೆಯೂ ನಿಲ್ಲಿಸಬೇಕು ಅಂತ ಕಂಡರೆ ಹೇಳು, ನಿಲ್ಲಿಸುವ. ನೋಡದೆ ನಾನು ಹೇಳುದಿಲ್ಲ."

ಮಂಗಳವಾರ ಬೆಳಿಗ್ಗೆ ಕುಸುಮಾವತಿ ಕಾಳಿಘಾಟಿಗೆ ಹೋಗಿ ದೇವಿಗೆ ಕೈಮುಗಿದು, ಒಳ್ಳೆಯ ಕೆಲಸಕ್ಕೆ ಹೊರಟವಳ ಮುಖ ಮಾಡಿಕೊಂಡು ಕ್ಲಬ್ಬಿನಲ್ಲಿ ಕಾರಿನಿಂದ ಇಳಿದಳು. ರೇಷ್ಮೆ ಸೀರೆ, ಹಣೆಯಲ್ಲಿ ದೇವಿಯ ಸಿಂಧೂರ. ಬಯಲು ಹಸಿರಾಗಿ ಮಲಗಿತ್ತು. ದೂರದಲ್ಲಿ ಸ್ನೇಹಲತಾ ಕೋಲನ್ನು ಹೆಗಲ ಹಿಂದಕ್ಕೆ ಎತ್ತಿ ಬೀಸಿದಳು. ಚೆಂಡು ಎತ್ತ ಹೋಯಿತೆಂದು ಕುಸುಮಾವತಿಗೆ ತಿಳಿಯಲಿಲ್ಲ. ಸ್ನೇಹಲತಾಳಿಗೂ ತಿಳಿದಂತಿರಲಿಲ್ಲ, ಹಣೆಗೆ ಕೈ ಅಡ್ಡ ಹಿಡಿದು ಹುಡುಕುತ್ತಿದ್ದಳು.

"ಅಯ್ಯೋ ಅಕ್ಕ, ನೀವಾ! ಬನ್ನಿ ಬನ್ನಿ."

"ನಿನ್ನ ಹತ್ರ ಮಾತಾಡ್ಲಿಕ್ಕುಂಟು."

"ನಡೀತಾ ಹೇಳಿ ಅಕ್ಕ. ಇಲ್ಲಿ ನಿಂತರೆ ಹಿಂದಿನಿಂದ ಬರುವವರು ಬೈತಾರೆ."

ನಿಂತು ಬೈಯಲು ಬಂದವಳು ನಡೆಯಬೇಕಾಯಿತು. "ಜನ ಎಂತ ಹೇಳ್ತಾರೆ... ಗೊತ್ತುಂಟಾ ನಿಂಗೆ?"

"ಗೊತ್ತುಂಟು. ಮಗು ಹೋದಾಗ ಸಹ ಹೇಳಿದ್ರಲ್ಲ. ಭಾರ ಎತ್ತಿದೆ, ಪಪ್ಪಾಯಿ ತಿಂದೆ, ಗ್ರಹಣದ ದಿನ ಹೊರಗೆ ಬಂದೆ ಅಂತ. ಕೋಣೆಯಲ್ಲಿ ಕೂತರೆ ಆ ಮಾತೆಲ್ಲ ನನ್ನ ಮಗ್ಗುಲಲ್ಲೇ ಕೂತುಕೊಳ್ತದೆ ಅಕ್ಕ."

ಪಪ್ಪಾಯಿಯ ಮಾತು ಹೇಳಿದವಳು ಕುಸುಮಾವತಿಯೇ. ಅದನ್ನು ಇಬ್ಬರೂ ಬಲ್ಲರು.

"ನಡೀಬೇಕಾದ್ರೆ... ಲೇಕ್ ಸುತ್ತ ನಡಿ. ಕೋಲು ಯಾಕೆ?"

"ಸುಮ್ಮನೆ ನಡೆದ್ರೆ ಅರ್ಧಕ್ಕೇ ಮನೆಗೆ ತಿರುಗಿ ಬಂದುಬಿಡ್ತೇನೆ. ಚೆಂಡು ಹೊಡೆದ ಮೇಲೆ ಅದು ಬಿದ್ದಲ್ಲಿಗೆ ಹೋಗ್ಲೇಬೇಕಲ್ಲ. ನೀವು ನಿಲ್ಲಿಸ್ಲಿಕ್ಕೆ ಬಂದದ್ದು ಅಲ್ವಾ?" ಸ್ನೇಹಲತಾ ನಡಿಗೆ ನಿಧಾನ ಮಾಡಲಿಲ್ಲ. "ರತ್ನಾಕರಣ್ಣ ಒಂದು ಮಾತು ಹೇಳಿದ್ರೆ ಇವರು ನಾಳೆಯೇ ಬೇಡ ಅಂತಾರೆ. ಹೇಳಿಸುವುದಾದ್ರೆ ಹೇಳಿಸಿ ಅಕ್ಕ. ಚೆಂಡು ಹಾಕುವ ಈ ಒಂದು ಗುಂಡಿ ಮಾತ್ರ ಮುಗಿಸ್ತೇನೆ."

ಕುಸುಮಾವತಿಯ ಬಾಯಿಗೆ ಮರ್ಯಾದೆ ಎಂಬ ಮಾತು ಬಂತು. ಅದನ್ನು ಹೊರಗೆ ಕಳಿಸಲು ಉಸಿರು ಇರಲಿಲ್ಲ. ಮಂಡಿಯಲ್ಲಿ ಸೂಜಿ ಆಡಿಸಿದಂತಾಯಿತು. ಅವಳು ಸೊಂಟ ಹಿಡಿದು ನಿಂತಳು.

ಹಿಂದಿನಿಂದ ಯಾರೋ ಬಂದು ಅವಳ ಮೊಣಕೈ ಹಿಡಿದರು. ಬಿಳಿಯ ಸೀರೆ, ಬೋಳು ಹಣೆ, ಕತ್ತರಿಸಿದ ಬೆಳ್ಳಗಿನ ಕೂದಲು: ಬಂಗಾಳದ ವಿಧವೆ. ಎಪ್ಪತ್ತು ದಾಟಿದ ಆಕೆಯ ಇನ್ನೊಂದು ಕೈಯಲ್ಲಿ ಕೋಲಿತ್ತು, ಊರಿಕೊಳ್ಳುವ ಕೋಲಲ್ಲ.

"ಬೋಶೋ ಮಾ, ಬೋಶೋ." ಕೂತುಕೋ ತಾಯಿ, ಕೂತುಕೋ, ಎಂದು ಮಗುವಿಗೆ ಹೇಳುವಂತೆ ಹೇಳಿ ಮರದಡಿಯ ಬೆಂಚಿನಲ್ಲಿ ಕೂರಿಸಿದಳು.

"ಇವರು ಚಾರುಬಾಲಾ ಮಾಶಿಮಾ, ನಮ್ಮ ಚಿಕ್ಕಮ್ಮ ಇದ್ದ ಹಾಗೆ," ಎಂದಳು ಸ್ನೇಹಲತಾ. "ಕೋಲು ಹಿಡಿಯಲಿಕ್ಕೆ ನನಗೆ ಕಲಿಸಿದ್ದು ಇವರೇ."

ಕುಸುಮಾವತಿ ಆ ಬೋಳು ಹಣೆಯನ್ನೂ ಕೋಲನ್ನೂ ನೋಡಿದಳು. ಅವಳ ನೋಟವನ್ನು ಆ ಮುದುಕಿ ಎಷ್ಟೋ ಸಲ ಕಂಡಿರಬೇಕು. ತನ್ನ ಬಂಗಾಳಿ ಹಿಂದಿಯಲ್ಲಿ ನಗುತ್ತಲೇ ಅಂದಳು: "ಗಂಡ ಹೋದಾಗ ನನ್ನ ತಟ್ಟೆಯ ಮೀನು ತೆಗೆದರು, ಸೀರೆಯ ಬಣ್ಣ ತೆಗೆದರು, ಕೂದಲನ್ನೂ ತೆಗೆದರು. ಕಾಲು ತೆಗೆಯಲು ಮರೆತುಬಿಟ್ಟರು." ಹೇಳಿ ಚೆಂಡಿನ ಹಿಂದೆ ಹೊರಟೇಬಿಟ್ಟಳು. ಆಕೆಯ ಚೆಂಡು ದೂರವೇನೂ ಹೋಗಿರಲಿಲ್ಲ. ನೇರವಾಗಿ ಹೋಗಿತ್ತು.

ಬೆಂಚಿನ ಮೇಲೆ ಕುಸುಮಾವತಿ ಒಬ್ಬಳೇ ಉಳಿದಳು. ಕೂತುಕೋ ಎಂಬ ಮಾತು ಕಿವಿಯಲ್ಲೇ ಇತ್ತು. ಅದನ್ನು ಅವಳು ಮೊದಲ ಸಲ ಕೇಳಿದ್ದು ಉಡುಪಿಯ ಕಡೆ, ಅಜ್ಜನ ಮನೆಯಲ್ಲಿ. ಏಕಾದಶಿಯ ರಾತ್ರಿ ಚಾವಡಿಯ ನಡುವೆ ಕಾಲುದೀಪ ಇಟ್ಟು, ಅದರ ಸುತ್ತ ತಾಳ ಹಿಡಿದು ಸುತ್ತುತ್ತ ಹಾಡುವುದು ಆ ಮನೆಯ ಪದ್ಧತಿ. ಕುಸುಮ ಸುತ್ತಲು ನಿಂತರೆ ಗಂಡು ಮಕ್ಕಳೇ ಸುಸ್ತಾಗುತ್ತಿದ್ದರು. ಅವಳು ದೊಡ್ಡವಳಾದ ವರ್ಷ ಅಜ್ಜಿ ಸುತ್ತಿನಿಂದ ಅವಳ ಕೈ ಹಿಡಿದೆಳೆದು ಗೋಡೆಯ ಬದಿಗೆ ತಂದಳು. "ಇನ್ನು ಸುತ್ತುದು ಬೇಡ ಮಗಾ. ಕೂತು ಹಾಡು." ಅಲ್ಲಿ ಅವಳ ತಾಯಿ ಮೊದಲೇ ಕೂತಿದ್ದಳು. ಆ ತಾಯಿಯನ್ನು ಕೊನೆಯ ವರ್ಷಗಳಲ್ಲಿ ಬಚ್ಚಲಿಗೆ ಹೋಗಲೂ ಇಬ್ಬರು ಎತ್ತಬೇಕಾಗಿತ್ತು. ಬಹಳ ಮರ್ಯಾದಸ್ಥ ಹೆಂಗಸು ಎಂದು ಊರೆಲ್ಲ ಹೊಗಳಿತು.

ತಾನು ಕೂತದ್ದಲ್ಲದೆ ಈಗ ಇನ್ನೊಬ್ಬಳ ಕೈ ಹಿಡಿದೆಳೆಯಲು ಬಂದಿದ್ದೇನೆ ಎಂಬುದು ಕುಸುಮಾವತಿಗೆ ಹೊಳೆದಾಗ, ಹಣೆಯ ಸಿಂಧೂರ ಬೆವರಿನಲ್ಲಿ ಇಳಿದು ಮೂಗಿನ ತುದಿಗೆ ಬಂದಿತ್ತು.

ಅಂದು ಸಂಜೆ ಹೆಂಗಸರೆಲ್ಲ ಹೊತ್ತಿಗೆ ಮೊದಲೇ ಸೇರಿದರು. ಭಕ್ತಿ ಹೆಚ್ಚಾಗಿ ಅಲ್ಲ. ಸ್ನೇಹಲತಾಳನ್ನು ಕುಸುಮಾವತಿಯೇ ಕರೆದುಕೊಂಡು ಬಂದಾಗ ಮಹಾಲಕ್ಷ್ಮಿ ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

"ಏನ್ರೀ, ನಿಂತಿತಾ ಆಟ?"

ಕುಸುಮಾವತಿ ದೀಪ ಹಚ್ಚಿ ಭಜನೆ ಶುರು ಮಾಡಿದಳು. ನಡುವೆ ಲೋಡ್ ಶೆಡ್ಡಿಂಗ್ ಆಯಿತು; ಫ್ಯಾನು ನಿಂತು, ದೇವರ ಮುಂದಿನ ದೀಪ ಒಂದೇ ಉಳಿಯಿತು. ಮಂಗಳದ ಸರದಿ ಬಂದಾಗ ಅವಳು ಕುರ್ಚಿಯ ತೋಳು ಹಿಡಿದು ಎದ್ದಳು. ಕುರ್ಚಿಯನ್ನು ಗೋಡೆಗೆ ತಳ್ಳಿದಳು. ದೀಪವನ್ನು ಎತ್ತಿ ತಂದು ಕೋಣೆಯ ನಡುವೆ ಇಟ್ಟಳು.

"ತಾಳ ಹಿಡಿ ಸ್ನೇಹಾ. ನನ್ನ ಹಿಂದೆ ಬಾ."

ಹಾಡುತ್ತ ದೀಪದ ಸುತ್ತ ನಡೆಯತೊಡಗಿದಳು. ಮಂಡಿ ಕಟಕಟ ಎಂದದ್ದು ಎಲ್ಲರಿಗೂ ಕೇಳಿಸಿತು.

"ಇದ್ಯಾವ ಪದ್ಧತೀನವಾ?" ಎಂದರು ಇಂದಿರಮ್ಮ.

"ನಮ್ಮ ಅಜ್ಜನ ಮನೆಯದ್ದು," ಎಂದಳು ಕುಸುಮಾವತಿ, ಹಾಡಿನ ಎರಡು ಸಾಲುಗಳ ನಡುವೆ.

ಮಹಾಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. "ಸರಿಹೋಯ್ತು. ನಾಳೆ ಇವರೂ ಕೋಲು ಹಿಡ್ಕೊಂಡು ಹೊರಡ್ತಾರೆ, ನೋಡ್ತಾ ಇರಿ."

"ನಾಳೆ ಅಲ್ಲ. ಮಂಗಳವಾರ," ಎಂದು ಕುಸುಮಾವತಿ ಮುಂದಿನ ಸಾಲು ಎತ್ತಿಕೊಂಡಳು.

ಸ್ನೇಹಲತಾಳ ಕೈಯಲ್ಲಿ ತಾಳ ಒಂದು ಪೆಟ್ಟು ತಪ್ಪಿ, ಮತ್ತೆ ಕೂಡಿಕೊಂಡಿತು. ಇಂದಿರಮ್ಮ ಕುರ್ಚಿಯ ಅಂಚಿಗೆ ಸರಿದು ಎರಡೂ ಕೈ ಚಾಚಿದರು. "ಯಾರರೆ ನನ್ನ ಎಬ್ಬಸ್ರೆವಾ."

ಒಬ್ಬೊಬ್ಬರಾಗಿ ಎದ್ದರು. ಮಹಾಲಕ್ಷ್ಮಿ ಮಾತ್ರ ಕೂತೇ ಇದ್ದಳು. ಸುತ್ತು ತನ್ನ ಕುರ್ಚಿಯ ಬಳಿ ಬಂದಾಗಲೆಲ್ಲ ದಾರಿಗೆ ಅಡ್ಡವಾಗದಂತೆ ಕಾಲುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದಳು.