ಮೊದಲೇ ತುಂಬಿದ ಹೃದಯಗಳು

ಇಂದುಜಾ ಮೂರನೆಯ ಸಲ ಸತ್ತಳು. ಈ ಸಲ ಕೊಂದವಳು ನರ್ಸು. ನಗುನಗುತ್ತಾ ಮಾತಾಡಿಕೊಂಡಿದ್ದವಳು ಹಾಲಿಗೆ ಏನನ್ನೋ ಬೆರೆಸಿ ಕೊಟ್ಟುಬಿಟ್ಟಳು. ಪರದೆ ಕಪ್ಪಾಗಿ, ‘ನಂಬಬಾರದವಳನ್ನು ನಂಬಿದಿರಿ’ ಎಂಬ ತಮಿಳು ಸಾಲು ಮೂಡಿತು. ಇಂದುಜಾ ಕನ್ನಡಕವನ್ನು ತಲೆಯ ಮೇಲಕ್ಕೇರಿಸಿ ಕಣ್ಣುಜ್ಜಿಕೊಂಡಳು. ಆಮೇಲೆ ಕನ್ನಡಕಕ್ಕಾಗಿ ಮೇಜಿನ ಮೇಲೆಲ್ಲ ತಡಕಾಡಿ, ಅದು ತಲೆಯ ಮೇಲೇ ಸಿಕ್ಕಿದಾಗ ತನ್ನನ್ನೇ ಬೈದುಕೊಂಡು, ಆಟವನ್ನು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಮುಂದಿನ ಕೋಣೆಯಲ್ಲಿ ಅಪ್ಪ ಗೋವಿಂದರಾಜು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು ರೇಷ್ಮೆ ಪಂಚೆ ನೇಯುತ್ತಿದ್ದ. ತಮಿಳುನಾಡಿನ ಸೇಲಂನಲ್ಲಿ, ಕನ್ನಡ ಮಾತಾಡುವ ನೇಕಾರರ ಗುಗೈಯಲ್ಲಿ, ಮಗ್ಗ ಇರುವ ಮನೆಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಮಗಳಿಗೆ ಮಾತ್ರ ಭಾನುವಾರ ರಜ. ವಾರವೆಲ್ಲ ಪೈಪಿನ ಅಂಗಡಿಯೊಂದರಲ್ಲಿ ಬಿಲ್ಲು ಹಾಕುತ್ತಿದ್ದಳು; ಉಳಿದ ಹೊತ್ತಿನಲ್ಲಿ ಒಂದು ತಮಿಳು ವೆಬ್‌ಸೈಟಿಗೆ ಕಂಪ್ಯೂಟರ್ ಆಟಗಳ ವಿಮರ್ಶೆ ಬರೆಯುತ್ತಿದ್ದಳು. ಅಲ್ಲಿ ಅವಳ ಹೆಸರು ಮಲ್ಗೋವಾ. ಮಲ್ಗೋವಾ ಎಂದರೆ ಮೀಸೆ ಬೆಳೆದ, ಹೊಟ್ಟೆ ಬಂದ ಒಬ್ಬ ಗಂಡಸು ಎಂದೇ ಓದುಗರ ನಂಬಿಕೆ. ‘ಅಣ್ಣಾ, ಚೆನ್ನಾಗಿ ಝಾಡಿಸಿದಿರಿ’ ಎಂದು ಅವರು ಬರೆದರೆ ಅಣ್ಣ ಸುಮ್ಮನೆ ಒಂದು ಕೈಮುಗಿಯುವ ಚಿತ್ರ ಹಾಕಿ ಕೂರುತ್ತಿದ್ದ.

ಈಗ ಬಂದಿದ್ದ ಆಟದ ಹೆಸರು ‘ಬಣ್ಣದ ತೊಟ್ಟಿ’. ಓಡುವುದು, ಗುಂಡು ಹಾರಿಸುವುದು ಏನೂ ಇಲ್ಲ. ಚಿತ್ರ ನೋಡುತ್ತ ಕಥೆ ಓದಬೇಕು, ನಡುನಡುವೆ ಯಾರ ಹತ್ತಿರ ಏನು ಮಾತಾಡಬೇಕೆಂದು ಆರಿಸಬೇಕು. ನೇಕಾರರ ಬೀದಿಯೊಂದರಲ್ಲಿ ಪಂಚೆ ವ್ಯಾಪಾರಿಯ ಹೆಣ ನೂಲಿಗೆ ಬಣ್ಣ ಹಾಕುವ ತೊಟ್ಟಿಯಲ್ಲಿ ಸಿಗುತ್ತದೆ. ಆಡುವವನು ಪತ್ತೇದಾರ. ಬೀದಿಯ ಐವರು ಹೆಂಗಸರ ಸ್ನೇಹ ಮಾಡಿ, ಪ್ರೀತಿ ಗಳಿಸಿ, ಕೊಂದವಳು ಯಾರೆಂದು ಕಂಡುಹಿಡಿಯಬೇಕು. ಪ್ರತಿಯೊಬ್ಬಳ ತಲೆಯ ಮೇಲೂ ಐದು ಹೃದಯಗಳಿರುತ್ತವೆ, ಮೊದಲಿಗೆ ಖಾಲಿ. ಅವಳಿಗೆ ಹಿಡಿಸುವ ಮಾತಾಡಿದಂತೆ ಒಂದೊಂದೇ ಕೆಂಪಾಗುತ್ತದೆ. ಐದೂ ತುಂಬಿದ ಮೇಲೆ, ಕೊಲೆಯಾದಾಗ ತಾನೆಲ್ಲಿದ್ದೆ, ಏನು ಕಂಡೆ ಎಂದು ಬಾಯಿ ಬಿಡುತ್ತಾಳೆ. ಆಡಿದಷ್ಟು ಸಲವೂ ಕೊಲೆಗಾರ್ತಿ ಬದಲಾಗುತ್ತಾಳೆ. ಒಮ್ಮೆ ನರ್ಸು, ಒಮ್ಮೆ ಟೀಚರು, ಒಮ್ಮೆ ಹೂವಿನವಳು, ಒಮ್ಮೆ ವ್ಯಾಪಾರಿಯ ಹೆಂಡತಿ. ಐದನೆಯವಳು ಮಾತ್ರ ಎಂದೂ ಅಲ್ಲ.

ಆ ಐದನೆಯವಳು ಮಲ್ಲಿಕಾ, ಪತ್ತೇದಾರನ ಸೋದರಮಾವನ ಮಗಳು. ಅವಳ ಐದು ಹೃದಯಗಳೂ ಆಟದ ಮೊದಲ ಪುಟದಲ್ಲೇ ತುಂಬಿರುತ್ತವೆ. ಬರುತ್ತಾಳೆ, ಕಾಫಿ ಕೊಡುತ್ತಾಳೆ, ಹೋಗುತ್ತಾಳೆ. ಅವಳನ್ನು ಮಾತಾಡಿಸಲು ಆಟದಲ್ಲಿ ಎಲ್ಲಿಯೂ ಜಾಗವಿಲ್ಲ. ಕೊನೆಗೆ ಯಾರು ಸಿಕ್ಕಿಬಿದ್ದರೂ ಪತ್ತೇದಾರ ಹಾರ ಹಾಕುವುದು ಮಲ್ಲಿಕಾಳಿಗೇ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದು ಅವಳ ಅಭ್ಯಾಸ. ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ.

ಇಂದುಜಾಗೆ ಅವಳಲ್ಲಿ ತನ್ನದೇ ಗುರುತು ಹತ್ತಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಆಟ ಮಾಡಿದವನು ಕಡಯಂಪಟ್ಟಿಯ ಪ್ರೇಮ್‌ಕುಮಾರ್, ಅವಳ ಸೋದರತ್ತೆ ಪುಷ್ಪಾಳ ಮಗ. ಓಮಲೂರಿನ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವವನು. ಗಂಡು ಹೆಣ್ಣಿನ ನಡುವೆ ಹೃದಯ ಹಾರಿಸುವುದೇ ಅವನ ಹೊಟ್ಟೆಪಾಡು. ಬಿಡುವಿನಲ್ಲಿ ಎರಡು ವರ್ಷ ಕೂತು ಇದನ್ನು ಮಾಡಿದ್ದ. ಮಲ್ಗೋವಾ ಯಾರೆಂದು ತಿಳಿಯದೆ, ‘ಸಾರ್, ನೀವೊಂದು ಒಳ್ಳೆಯ ಮಾತು ಬರೆದರೆ ನಾಲ್ಕು ಜನ ಆಡುತ್ತಾರೆ’ ಎಂದು ಮೇಲ್ ಕಳಿಸಿದ್ದ. ಸಕ್ಕರೆಯ ವಿಷಯವೂ ಅವಳಿಗೆ ನೆನಪಾಯಿತು. ಅವನು ಬಂದಿದ್ದ ದಿನ ಮನೆಯಲ್ಲಿ ಸಕ್ಕರೆ ಮುಗಿದಿತ್ತು, ಅಷ್ಟೆ.

ಬರುವ ಶುಕ್ರವಾರ ಪುಷ್ಪಾ ಅತ್ತೆ ಇಂದುಜಾಗೆ ಹೂ ಮುಡಿಸಲು ಬರುವವಳಿದ್ದಳು. ಹೂ ಮುಡಿಸಿದರೆ ಮದುವೆಯ ಮಾತು ಮುಗಿದಂತೆ. ಅತ್ತೆಯ ಮಗ ಮುರೆಯ ಗಂಡು, ತೊಟ್ಟಿಲಿನಿಂದ ಅವಳ ಮೇಲೆ ಹಕ್ಕಿರುವವನು. ಇದು ಆ ಬೀದಿಯಲ್ಲಿ ಸುದ್ದಿಯೇ ಅಲ್ಲ. ಇಂದುಜಾಗೆ ಪ್ರೇಮ್‌ಕುಮಾರನ ಮೇಲೆ ಸಿಟ್ಟೇನೂ ಇರಲಿಲ್ಲ. ಬೇಕು ಅನ್ನಿಸಿತ್ತೇ ಎಂದರೆ ಅದೂ ಗೊತ್ತಿರಲಿಲ್ಲ. ಬೇರೆಯವರಿರಲಿ, ಅವಳು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ಮಲ್ಲಿಕಾಳ ತುಂಬಿದ ಹೃದಯಗಳನ್ನು ನೋಡುತ್ತಿದ್ದಾಗ, ಶುಕ್ರವಾರ ಕಳೆದರೆ ಕೇಳಿಯೂ ಪ್ರಯೋಜನವಿಲ್ಲ ಎಂಬುದು ತಟ್ಟನೆ ಹೊಳೆದು ಅವಳಿಗೆ ಹೆದರಿಕೆಯಾಯಿತು.

ಮಲ್ಗೋವಾ ಹೆಸರಿನಲ್ಲಿ ಒಂದು ಮೇಲ್ ಹಾಕಿದಳು. ‘ಮಲ್ಲಿಕಾಳ ಹೃದಯಗಳು ಮೊದಲೇ ತುಂಬಿ ಬರುತ್ತಿವೆ. ಪ್ರೋಗ್ರಾಂನಲ್ಲಿ ಏನೋ ತಪ್ಪಾಗಿರಬೇಕು. ಸರಿಮಾಡುವುದಾದರೆ ಕಾಯುತ್ತೇನೆ.’

ಉತ್ತರ ಬೇಗನೆ ಬಂತು. ‘ತಪ್ಪಲ್ಲ ಸಾರ್. ಅವಳು ಮಾಮನ ಮಗಳು. ಅವಳ ಹತ್ತಿರ ಸೊನ್ನೆಯಿಂದ ಶುರು ಮಾಡುವುದಕ್ಕೆ ಏನಿದೆ?’

ಇಂದುಜಾಗೆ ಮೈಯೆಲ್ಲ ಉರಿಯಿತು. ಎದ್ದು ಅಡುಗೆಮನೆಯ ಪಕ್ಕದ ಜಗುಲಿಗೆ ಹೋದಳು. ಅಲ್ಲಿ ಅವಳ ಅವ್ವ ಸತ್ಯಾ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

"ಅವ್ವಾ, ಅಪ್ಪನ್ನ ಮಾಡ್ಕೊಂತೀಯಾ ಅಂತ ನಿನ್ನ ಯಾರಾರ ಕೇಳಿದ್ರಾ?"

"ಕೇಳೋಕೇನೈತೆ? ಅತ್ತೆ ಮಗ, ಮುರೆ." ಸತ್ಯಾ ತಲೆ ಎತ್ತಲಿಲ್ಲ. "ಬಸ್ನಾಗೆ ಟವಲ್ ಆಕಿ ಸೀಟ್ ಇಡೀತಾರಲ್ಲ, ಅಂಗೆ. ಟವಲ್ ಬಿದ್ಮ್ಯಾಕೆ ಸೀಟ್ನ ಯಾರ್ ಕೇಳ್ತಾರೆ?"

"ಕೇಳಿದ್ದಿದ್ರೆ ಏನ್ ಏಳ್ತಿದ್ದೆ?"

"ನಿಂಗೆ ಬ್ಯಾರೆ ವೇಲೆ ಕೆಲ್ಸ ಇಲ್ವಾ? ಓಗು, ನಿನ್ ಕಂಪ್ಯೂಟ್ರು ನೋಡೋಗು."

ಹಾಗೆಂದ ಸತ್ಯಾಳ ಕೈಯಲ್ಲಿ ನೂಲು ಕಡಿದುಹೋಯಿತು. ತುದಿ ಎಲ್ಲಿ ಸೇರಿಕೊಂಡಿತೆಂದು ಅವಳು ಬಹಳ ಹೊತ್ತು ಹುಡುಕುತ್ತಿದ್ದಳು.

ಮಲ್ಗೋವಾನ ವಿಮರ್ಶೆ ಬುಧವಾರ ಬಂತು. ಕೊಲೆಯ ಕಥೆಯನ್ನು ಅವನು ಮನಸಾರೆ ಹೊಗಳಿದ್ದ. ಬೀದಿಯ ಚಿತ್ರಗಳು, ತೊಟ್ಟಿಯ ನೀಲಿ ನೀರು, ನರ್ಸಿನ ನಗು ಎಲ್ಲವೂ ಸೊಗಸು ಎಂದಿದ್ದ. ಆಮೇಲೆ ಹೀಗಿತ್ತು: ‘ನಾಲ್ವರನ್ನು ಪತ್ತೇದಾರ ಮಾತಾಡಿಸುತ್ತಾನೆ, ಆದ್ದರಿಂದ ಅವರು ನಮಗೆ ಗೊತ್ತಾಗುತ್ತಾರೆ. ಮಲ್ಲಿಕಾಳನ್ನು ಟವಲ್ ಹಾಕಿ ಹಿಡಿದ ಬಸ್ಸಿನ ಸೀಟಿನಂತೆ ಬಿಟ್ಟಿದ್ದಾನೆ. ಕೊಲೆಯಾದಾಗ ನೀನೆಲ್ಲಿದ್ದೆ ಎಂದು ಊರಿನವರನ್ನೆಲ್ಲ ಕೇಳುವವನು ಅವಳನ್ನು ಕೇಳುವುದಿಲ್ಲ. ಅವಳೇ ಕೊಂದಿದ್ದರೂ ಇವನಿಗೆ ತಿಳಿಯುತ್ತಿರಲಿಲ್ಲ. ಅವಳು ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲವಂತೆ. ಕೇಳಿ ತಿಳಿದುಕೊಂಡನೇ?’ ಐದರಲ್ಲಿ ಎರಡೂವರೆ ನಕ್ಷತ್ರ.

ಕಳಿಸುವ ಮುಂಚೆ ಇಂದುಜಾ ಅದನ್ನು ಮತ್ತೆ ಮತ್ತೆ ಓದಿದ್ದಳು. ಇದು ವಿಮರ್ಶೆಯೋ, ಸೇಡೋ ಎಂದು ಅನುಮಾನ ಬಂದು, ಬರೀ ಸೇಡಾಗಿದ್ದ ಒಂದು ಸಾಲನ್ನು ಹೊಡೆದುಹಾಕಿದ್ದಳು. ಒಳ್ಳೆಯ ಸಾಲಾಗಿತ್ತು, ಹೊಡೆಯಲು ಮನಸ್ಸಿರಲಿಲ್ಲ.

ಶುಕ್ರವಾರ ಪುಷ್ಪಾ ಅತ್ತೆ ತಟ್ಟೆ, ಹಣ್ಣು, ವೀಳ್ಯದೆಲೆ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಹಿಡಿದು ಬಂದಳು. ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರೇಮ್‌ಕುಮಾರ್ ಬಂದ. ಆವತ್ತು ಮಗ್ಗಕ್ಕೆ ರಜ. ಗೋವಿಂದರಾಜು ಬಿಳಿ ಪಂಚೆ ಉಟ್ಟು, ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ, ತಂಗಿಯನ್ನು ಕೂರಿಸಿದ. ಕೂತವಳು ಮೊದಲು ಎತ್ತಿದ್ದೇ ಆ ಮಾತು.

"ಯಾವನೋ ಮಲ್ಗೋವಾ ಅಂತೆ ಅಣ್ಣಯ್ಯಾ! ಅವ್ನ್ ಬಾಯಿಗೆ ಮಣ್ಣಾಕ. ನನ್ ಮಗ ಎಲ್ಡ್ ವರ್ಸ ಕಣ್ ಕೆಡಿಸ್ಕೊಂಡು ಮಾಡ್ದ. ಅವ ಒಂದ್ ಪುಟದಾಗೆ ಮಣ್ಪಾಲ್ ಮಾಡ್ಬುಟ್ಟ. ಇವ ಬುಧವಾರ್ದಿಂದ ಸರ್ಯಾಗಿ ಉಂಡಿಲ್ಲ."

"ಬುಡಮ್ಮಾ, ಪೋದುಂ, ಸಾಕು," ಎಂದ ಪ್ರೇಮ್‌ಕುಮಾರ್.

ಇಂದುಜಾ ಕಾಫಿ ತಂದು, ತಲೆ ಎತ್ತದೆ ಲೋಟಗಳನ್ನು ಚಾಪೆಯ ಮೇಲಿಟ್ಟಳು. ನಾಚಿಕೆಯೆಂದುಕೊಂಡು ಅತ್ತೆ ನಕ್ಕಳು. ಬಾಳೆಲೆ ಬಿಚ್ಚಿ, ಮಲ್ಲಿಗೆಯ ದಂಡೆಯನ್ನು ಕೈಗೆತ್ತಿಕೊಂಡಳು.

"ಬಾ ಇಂದು, ತಿರುಕ್ಕೊ."

ಇಂದುಜಾ ತಿರುಗಿ ನಿಂತಳು. ಅಷ್ಟೆಲ್ಲ ಬರೆದವಳು ಹಾಗೆ ಸುಮ್ಮನೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಅಮ್ಮಾ, ಒಸಿ ತಾಳು," ಎಂದ ಪ್ರೇಮ್‌ಕುಮಾರ್. "ಇಂದೂನ ಯಾರೂ ಕೇಳೇ ಇಲ್ಲ."

"ಏನ್ಲಾ ಕೇಳ್ಬೇಕು?"

"ಇಷ್ಟ ಐತಾ ಅಂತ."

"ಅಯ್ಯೋ ಕಡವುಳೇ! ಮಾಮನ್ ಮಗ್ಳುನ್ನ ಇಷ್ಟ ಐತಾ ಅಂತ ಯಾರಾನ ಕೇಳ್ತಾರೇನ್ಲಾ? ನೀನಾರ ಏಳು ಅತ್ಗೆ!"

ಬಾಗಿಲಲ್ಲಿ ನಿಂತಿದ್ದ ಸತ್ಯಾ ಸೆರಗು ಸರಿಮಾಡಿಕೊಂಡಳು. "ಟವಲ್ ಆಕಿದ್ ಸೀಟು," ಎಂದಳು. "ಯಾರೂ ಕೇಳಲ್ಲ."

ಅತ್ತೆಗೆ ಅದು ತನ್ನ ಕಡೆಯ ಮಾತೆಂದೇ ಅನ್ನಿಸಿತು. ಪ್ರೇಮ್‌ಕುಮಾರ್ ಮಾತ್ರ ಸತ್ಯಾಳನ್ನು ದಿಟ್ಟಿಸಿದ. ಬುಧವಾರದಿಂದ ಅವನನ್ನು ಉಣ್ಣಲು ಬಿಡದಿದ್ದ ಸಾಲು ಅದು. ಅಲ್ಲಿಂದ ಅವನ ಕಣ್ಣು ಇಂದುಜಾಳ ಬೆನ್ನಿಗೆ, ತಲೆಯ ಮೇಲಿದ್ದ ಕನ್ನಡಕಕ್ಕೆ ಹೋಯಿತು. ಮಲ್ಗೋವಾ ಯಾರೆಂದು ತಿಳಿದು ಅವನ ಮುಖ ಕೆಂಪಾಯಿತು. ಎದ್ದು ಹೋಗಿಬಿಡುತ್ತಾನೆ ಎಂದು ಗೋವಿಂದರಾಜುಗೆ ಅನ್ನಿಸಿತು. ಅವನು ಹೋಗಲಿಲ್ಲ.

"ನಾನೇ ಕೇಳ್ತೀನಿ. ಇಂದು, ನಿಂಗೆ ಇಷ್ಟ ಐತಾ?"

ಇಂದುಜಾ ಇತ್ತ ತಿರುಗಿದಳು. ಕೇಳಲಿಲ್ಲವೆಂದು ಊರಿಗೆಲ್ಲ ಸಾರಿದವಳು ಕೇಳಿದರೆ ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಹೂಂ ಎಂದರೆ ಮನೆಯೆಲ್ಲ ನಗುತ್ತಿತ್ತು. ಇಲ್ಲ ಎಂದರೆ ಅದೂ ಒಂದು ಉತ್ತರವಾಗುತ್ತಿತ್ತು.

"ಗೊತ್ತಿಲ್ಲ," ಎಂದಳು. "ಈಗ್ತಾನೆ ಕೇಳ್ತಿದೀಯ. ಇವತ್ತು ಊವು ಬ್ಯಾಡ ಅತ್ತೆ."

ಪುಷ್ಪಾ ಅತ್ತೆ ಹೂವನ್ನು ಬಾಳೆಲೆಯ ಮೇಲೆ ಹಾಕಿ ಎದ್ದಳು. ಕಾಫಿ ಮುಟ್ಟಲಿಲ್ಲ. "ನನ್ ತವ್ರು ಮನ್ಯಾಗೆ ನಂಗೇ ಇಂಗೆ," ಎನ್ನುತ್ತ ಹೊರಗೆ ನಡೆದಳು. ಗೋವಿಂದರಾಜು ಪುಷ್ಪಾ, ಪುಷ್ಪಾ ಎಂದು ಹಿಂದೆ ಹೋದ. ಅವಳು ನಿಲ್ಲಲಿಲ್ಲ.

ಪ್ರೇಮ್‌ಕುಮಾರ್ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವುದನ್ನು ನಿಧಾನ ಮಾಡಿದ.

"ಎಲ್ಡೂವರೆ ಶಾನೆ ಕಮ್ಮಿ ಆಯ್ತು ಕಣೆ."

"ಕೊಲೆ ಚೆಂದಾಗೈತೆ ಅಂತಾನೂ ಬರ್ದಿದೀನಿ."

ಅವನು ಒಂದು ಹೆಜ್ಜೆ ಇಟ್ಟು ನಿಂತ. "ಸಕ್ರೆ?"

"ಎಲ್ಡು ಚಮ್ಚ."

ತಲೆಯಾಡಿಸಿ, ಬೀದಿಯ ತಿರುವು ದಾಟುತ್ತಿದ್ದ ತಾಯಿಯ ಹಿಂದೆ ಓಡಿದ.

ಮನೆಯಲ್ಲಿ ಯಾರೂ ಇಂದುಜಾಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಗೋವಿಂದರಾಜು ರಜವನ್ನು ಮರೆತವನಂತೆ ಕುಣಿಗೆ ಕಾಲಿಳಿಸಿ ಮಗ್ಗದ ಮುಂದೆ ಕೂತ. ಲಾಳಿ ಕೈಯಲ್ಲೇ ಇತ್ತು, ಎಸೆಯಲಿಲ್ಲ. ಸತ್ಯಾ ಚಾಪೆಯ ಮೇಲಿದ್ದ ಲೋಟಗಳನ್ನು ಎತ್ತಿಡುತ್ತಿದ್ದಳು.

"ಸತ್ಯಾ, ನಿನ್ನೂ ಯಾರೂ ಕೇಳ್ಲಿಲ್ಲ, ಅಲ್ಲಾ?"

"ಏನ್ನ?"

"ಅದೇ, ಇಷ್ಟ ಇತ್ತಾ ನಿಂಗೆ?"

ಸತ್ಯಾ ಅವನ ಪಾಲಿನ ಲೋಟವನ್ನು ತಂದು ಮಗ್ಗದ ಅಂಚಿನಲ್ಲಿಟ್ಟಳು. "ಕಾಪಿ ಆರೋಗ್ತೈತೆ. ಕುಡೀರಿ."

ಗೋವಿಂದರಾಜು ಕುಡಿದ. ಖಾಲಿ ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದ. ಆಮೇಲೆ ಮಗ್ಗದ ಸದ್ದು ಶುರುವಾಯಿತು.

ಸಂಜೆ ಇಂದುಜಾ ಹೊರಗೆ ಬಂದಾಗ ಚಾಪೆಯ ಮೇಲೆ ಬಾಳೆಲೆ ಮಾತ್ರ ಇತ್ತು. ಜಗುಲಿಯಲ್ಲಿ ಅವ್ವ ಈ ಕಡೆ ಬೆನ್ನು ಮಾಡಿ ರಾಟೆ ತಿರುಗಿಸುತ್ತಿದ್ದಳು. ಮಲ್ಲಿಗೆಯ ದಂಡೆ ಅವಳ ಮುಡಿಯಲ್ಲಿ, ಹೂ ಮುಡಿಸಿ ಅಭ್ಯಾಸವಿಲ್ಲದ ಕೈ ಸಿಕ್ಕಿಸಿದಂತೆ, ಒಂದು ಕಡೆ ವಾಲಿಕೊಂಡಿತ್ತು.