ಹನ್ನೊಂದು ನಲವತ್ತೆರಡರ ಸಾಲು

“ನಾನು ಒತ್ತಿದೀನಿ ಕಣೋ. ತಾರೀಕು ಬದಲಾಯಿಸ್ದೆ, ‘ಉಳಿಸು’ ಒತ್ತಿದೆ, ಪರದೆ ಒಂದ್ಸಲ ಮಿಟುಕ್ತು. ಇನ್ನೇನು ಮಾಡ್ಬೇಕಿತ್ತು, ಅದರ ಬೆನ್ನು ಸವರ್ಬೇಕಿತ್ತಾ?”

ಕಣ್ಣಾಸ್ಪತ್ರೆಯ ನೋಂದಣಿ ಕೌಂಟರಿನ ಹಿಂದೆ ಕೂತಿದ್ದ ಅತ್ತಿಗೆಯ ಮಾತು ಜೋರಾಗಿಯೇ ಇತ್ತು. ಎದುರಿಗೆ ನಿಂತವನು ಅವಳ ಮೈದುನ. ಕನ್ನಡಕದ ಗಾಜು ಉಜ್ಜುವ ಕೆಲಸಕ್ಕೆ ಸೇರಿ, ಫ್ಯಾನು, ಪ್ರಿಂಟರು, ಲಿಫ್ಟಿನ ಗುಂಡಿ ಎಲ್ಲಕ್ಕೂ ಕೈಹಾಕಿ ‘ರಿಪೇರಿ’ ಎಂದು ಹೆಸರು ಪಡೆದವನು. ಎರಡು ವರ್ಷ ವಿಡಿಯೊ ನೋಡಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತು, ರೋಗಿಗಳ ಹೆಸರು, ತಾರೀಕು ದಾಖಲಿಸಲು ಆಸ್ಪತ್ರೆಗೊಂದು ವೆಬ್ ಅಪ್ಲಿಕೇಶನ್ ಬರೆದುಕೊಟ್ಟವನೂ ಅವನೇ. ನಲವತ್ತೆರಡನೆಯ ವಯಸ್ಸಿನಲ್ಲಿ ಟೈಪಿಂಗ್ ಕಲಿತ ಅತ್ತಿಗೆಯನ್ನು ಈ ಕುರ್ಚಿಗೆ ತಂದು ಕೂರಿಸಿದವನೂ ಅವನೇ. ಅವಳ ಜೀವನದ ಮೊದಲ ನೌಕರಿ ಅದು.

ಆಗಿದ್ದಿಷ್ಟು. ಮುಂದಿನ ವಾರ ಇದ್ದ ಒಬ್ಬ ಡ್ರಾಯಿಂಗ್ ಮೇಷ್ಟ್ರ ಆಪರೇಷನ್ನನ್ನು ಡಾಕ್ಟರು ಇವತ್ತಿಗೇ ಇಟ್ಟುಕೊಂಡಿದ್ದರು. ನಿನ್ನೆ ಅತ್ತಿಗೆ ಕಂಪ್ಯೂಟರಿನಲ್ಲಿ ತಾರೀಕು ಬದಲಿಸಿ, ಹನ್ನೊಂದು ಮುಕ್ಕಾಲರ ಹೊತ್ತಿಗೆ ಅವರಿಗೆ ಫೋನು ಮಾಡಿದ್ದಳು. ಸಕ್ಕರೆ ಕಾಯಿಲೆಯ ಮೇಷ್ಟ್ರು ಖಾಲಿ ಹೊಟ್ಟೆಯಲ್ಲಿ ಬಂದು ಕೂತರು. ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಹನ್ನೆರಡಕ್ಕೆ ತಲೆ ಸುತ್ತಿ ಬಿದ್ದರು, ಹಣೆಗೆ ನಾಲ್ಕು ಹೊಲಿಗೆ ಬಿತ್ತು.

“ಫೋನು ಮಾಡಿದ್ದೀರಿ, ಕಂಪ್ಯೂಟರಲ್ಲಿ ಹಾಕೋದು ಮರ್ತಿದ್ದೀರಿ,” ಎಂದಿದ್ದರು ಮ್ಯಾನೇಜರು. “ಐದು ಗಂಟೆಯೊಳಗೆ ಹಾಕಿದ್ದಕ್ಕೆ ಸಾಕ್ಷಿ ತೋರ್ಸಿ. ಇಲ್ಲಾಂದ್ರೆ ನಾಳೆಯಿಂದ ಬರೋದು ಬೇಡ.”

“ನಿನ್ನ ಲಾಗ್ ಇದೆಯಲ್ಲೋ,” ಎಂದಳು ಅತ್ತಿಗೆ. “ಯಾರು ಏನು ಒತ್ತಿದ್ರೂ ಅದು ಬರ್ಕೊಳ್ಳುತ್ತೆ ಅಂತ ಮನೆಯೋರ ಮುಂದೆಲ್ಲ ಜಂಬ ಕೊಚ್ಕೊಂಡಿದ್ಯಲ್ಲ. ಹೋಗಿ ತಗೊಂಬಾ.”

ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ, ಅಪ್ಲಿಕೇಶನ್ ಓಡುವ ಕಂಪ್ಯೂಟರು, ಅಂದರೆ ಸರ್ವರ್, ಇತ್ತು. ರಿಪೇರಿ ಲಾಗಿನ ಫೋಲ್ಡರ್ ತೆರೆದ. ಒಳಗೆ ಒಂದು ಫೈಲೂ ಇಲ್ಲ. ಇನ್ನೊಮ್ಮೆ ತೆರೆದ. ಖಾಲಿ ಡಬ್ಬವನ್ನು ಎರಡು ಸಲ ತೆರೆದರೆ ಅಕ್ಕಿ ಹುಟ್ಟುತ್ತದೆಯೇ?

ಪ್ರಾಜೆಕ್ಟನ್ನು ಮೊದಲಿಂದ ನೋಡಿಕೊಂಡು ಬಂದಾಗ ಕಾರಣ ಸಿಕ್ಕಿತು. ಪ್ರಾಜೆಕ್ಟಿನಲ್ಲಿ ಅವನು ಬರೆದ ಜಾವಾ ಕೋಡಿಗೊಂದು ಫೋಲ್ಡರು, ಉಳಿದ ಫೈಲುಗಳಿಗೊಂದು ಫೋಲ್ಡರು. ಲಾಗ್ ಎಲ್ಲಿ, ಹೇಗೆ ಬರೆಯಬೇಕು ಎಂದು ಹೇಳುವ ಫೈಲನ್ನು ಅವನು ಕೋಡಿನ ಜೊತೆಗೇ ಇಟ್ಟಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಹೇಗೋ ನಡೆದುಹೋಗಿತ್ತು. ಅಪ್ಲಿಕೇಶನ್ನನ್ನು ಗಂಟು ಕಟ್ಟಿ ಸರ್ವರಿಗೆ ಕಳಿಸುವಾಗ ಮಾತ್ರ ಆ ಫೋಲ್ಡರಿನಿಂದ ಕೋಡಷ್ಟೇ ಹೋಗಿ, ಆ ಫೈಲು ಹೊರಗೇ ಉಳಿದಿತ್ತು. ಐದು ತಿಂಗಳಿಂದ ಲಾಗ್ ಯಾವ ಫೈಲಿಗೂ ಹೋಗದೆ, ಅಪ್ಲಿಕೇಶನ್ ಓಡುತ್ತಿದ್ದ ಕಪ್ಪು ಕಿಟಕಿಯಲ್ಲಿ ಸುಮ್ಮನೆ ಹರಿದುಹೋಗುತ್ತಿತ್ತು.

ಕಪ್ಪು ಕಿಟಕಿ! ಅದು ತೆರೆದೇ ಇತ್ತು. ರಿಪೇರಿ ಮೌಸಿನ ಚಕ್ರ ತಿರುಗಿಸುತ್ತ ಮೇಲೆ ಮೇಲೆ ಹೋದ. ಅದು ಕೊನೆಯ ಹತ್ತು ಸಾವಿರ ಸಾಲುಗಳನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ತುತ್ತತುದಿಯ ಸಾಲು ನಿನ್ನೆಯ ಹನ್ನೊಂದು ಮೂವತ್ತೊಂಬತ್ತರದು. ನೋಡುತ್ತಿದ್ದಂತೆಯೇ ಅದು ಹನ್ನೊಂದು ನಲವತ್ತಾಯಿತು. ಹೊರಗೆ ಕೌಂಟರಿನಲ್ಲಿ ಒಬ್ಬ ರೋಗಿಯ ಹೆಸರು ಸೇರಿದಂತೆಲ್ಲ ಕೆಳಗೆ ಹತ್ತಾರು ಹೊಸ ಸಾಲು ಹುಟ್ಟುತ್ತಿದ್ದವು, ಮೇಲಿನವು ಸಾಯುತ್ತಿದ್ದವು.

“ಅತ್ತಿಗೇ! ಕೈ ತೆಗೀರಿ! ಏನೂ ಒತ್ತಬೇಡಿ! ಮಹಡಿ ಕೌಂಟರಿನವರಿಗೂ ಹೇಳಿ!” ಎಂದು ಬಾಗಿಲಿಂದಲೇ ಕೂಗಿದ.

“ಯಾಕೋ? ಹನ್ನೊಂದು ಜನ ನಿಂತಿದಾರೆ!”

“ಎರಡೇ ನಿಮಿಷ!”

“ನಂದು ಕಣ್ಣು, ಟೊಮೇಟೊ ಅಲ್ಲ, ಹೀಗೆ ಸಾಲಲ್ಲಿಟ್ಟು ಕೊಳೆಸೋಕೆ,” ಎಂದು ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಗೊಣಗಿದಳು. ಯಾರೋ ನಕ್ಕರು. ಅತ್ತಿಗೆ ಮಹಡಿಗೆ ಫೋನು ಮಾಡಿ, ಎರಡೂ ಕೈಯನ್ನು ಮಡಿಲಿಗೆ ಹಾಕಿಕೊಂಡು ಕೂತಳು.

ರಿಪೇರಿ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆಯುತ್ತ ಹೋದ. ನಿನ್ನೆಯ ಹನ್ನೊಂದು ನಲವತ್ತೆರಡು, ಅತ್ತಿಗೆ ಫೋನು ಮಾಡುವುದಕ್ಕೆ ಸ್ವಲ್ಪ ಮೊದಲು. ಸಾಲು ಸಿಕ್ಕಿತು. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಮಾತು: ‘ಇಲ್ಲಿಗೆ ಬಂತು.’

ಬರೆದವನು ಅವನೇ. ಕಲಿಯುವಾಗ, ಕೋಡು ಎಲ್ಲಿಯವರೆಗೆ ಓಡುತ್ತದೆಂದು ತಿಳಿಯಲು ಉಳಿಸುವ ಮುಂಚೆ ‘ಇಲ್ಲಿಗೆ ಬಂತು’ ಎಂದೂ, ಉಳಿಸಿದ ಮೇಲೆ ‘ಇಲ್ಲಿಗೂ ಬಂತು’ ಎಂದೂ ಹಾಕಿಕೊಂಡಿದ್ದ. ಹೆಸರು, ನಂಬರು ಆಮೇಲೆ ಸೇರಿಸೋಣ ಎಂದುಕೊಂಡಿದ್ದ. ಉಳಿದ ಕಡೆಯೆಲ್ಲ ಇವೆರಡೂ ಜೋಡಿ ಎತ್ತಿನ ಹಾಗೆ ಒಟ್ಟಿಗೇ ಇದ್ದವು. ಹನ್ನೊಂದು ನಲವತ್ತೆರಡರಲ್ಲಿ ಮಾತ್ರ ಮೊದಲನೆಯದು ಒಂಟಿ. ಅಂದರೆ ಒತ್ತಿದ್ದು ನಿಜ, ಉಳಿಯಲಿಲ್ಲ. ಉಳಿಯದಿದ್ದರೆ ಏನು ಮಾಡಬೇಕೆಂದು ಬರೆಯಬೇಕಿದ್ದ ಜಾಗವನ್ನೂ ಅವನು ಖಾಲಿ ಬಿಟ್ಟಿದ್ದ. ಹಾಗಾಗಿ ಪರದೆ ಏನೂ ಆಗಿಲ್ಲವೆಂಬಂತೆ ಮಿಟುಕಿ ಸುಮ್ಮನಾಗಿತ್ತು.

ಮ್ಯಾನೇಜರು ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಏನು ಬಂತು? ಎಲ್ಲಿಗೆ ಬಂತು?”

“ತಾರೀಕು ಬದಲಾಯಿಸಿದ್ದು ಉಳಿಸೋ ಕಡೆ ಬಂತು ಸಾರ್. ಅಲ್ಲೇ ಬಿದ್ದೋಯ್ತು. ತಪ್ಪು ನನ್ನ ಕೋಡಿಂದು.”

“ಇದ್ರಲ್ಲಿ ಮೇಷ್ಟ್ರ ಹೆಸರಿದೆಯಾ?”

“ಇಲ್ಲ.”

“ಒತ್ತಿದ್ದು ಅವರೇ ಅಂತ ಇದೆಯಾ? ಮಹಡಿ ಮೇಲೂ ಎರಡು ಕೌಂಟರಿದೆ.”

“ಇಲ್ಲ ಸಾರ್. ಆದ್ರೆ ಬರೆದೋನು ನಾನು, ನಾನೇ ಹೇಳ್ತಿದೀನಲ್ಲ. ಬೇಕಾದ್ರೆ ನನ್ನೇ ತೆಗೀರಿ.”

ಮ್ಯಾನೇಜರು ಮೊಬೈಲನ್ನು ಮೆಲ್ಲಗೆ ಅವನ ಕೈಗಿಟ್ಟರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. “ನಿಮ್ಮನ್ನ ತೆಗೆದ್ರೆ ಇದನ್ನ ನಡೆಸೋರ್ಯಾರು? ಅತ್ತಿಗೆ ಅಂದ್ಮೇಲೆ ನೀವು ಇನ್ನೇನು ಹೇಳ್ತೀರಿ, ಪಾಪ. ಬೇರೆ ಯಾರಾದ್ರೂ ಈ ಮಾತು ಹೇಳಿದ್ರೆ ನಂಬ್ತಿದ್ದೆ.”

ಬೇರೆ ಯಾರಿಗೂ ಆ ಕೋಡು ಓದಲು ಬರುತ್ತಿರಲಿಲ್ಲ.

ಅವನು ಕೌಂಟರಿಗೆ ಬಂದಾಗ ಅತ್ತಿಗೆಯ ಕೈ ಇನ್ನೂ ಮಡಿಲಲ್ಲೇ ಇತ್ತು. ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು.

“ತಪ್ಪು ನಂದು, ಅತ್ತಿಗೆ.”

“ಅದು ನಿಂಗೊತ್ತು, ನಂಗೊತ್ತು. ಇಬ್ರೂ ಒಂದೇ ಮನೆಯೋರು, ಅದೇ ಬಂದಿರೋ ಕಷ್ಟ.” ಅವಳು ಸೆರಗಿನ ತುದಿಯಿಂದ ಕೀಲಿಮಣೆ ಒರೆಸಿದಳು. “ಕೆಲಸ ಹೋಯ್ತು ಅಂತ ನಿಮ್ಮಣ್ಣಂಗೆ ನಾನೇ ಹೇಳ್ತೀನಿ. ನೀನು ನಡುವೆ ಬಾಯಿ ಹಾಕಿ ಇನ್ನೂ ಕೆಡಿಸ್ಬೇಡ. ಈಗ ಒತ್ಬಹುದಾ?”

“ಒತ್ತಿ.”

ಸಾಲಿನ ಮುಂದಿದ್ದವನ ಕಣ್ಣಿಗೆ ಆಗಲೇ ಔಷಧಿ ಬಿಟ್ಟಿದ್ದರು, ನೋಟ ಮಬ್ಬಾಗಿತ್ತು. ಅವನು ಚೀಟಿಯನ್ನು ಗಾಜಿನ ಕಂಡಿಯಿಂದ ಒಂದು ಗೇಣು ಆಚೆಗೆ, ಬರೀ ಗೋಡೆಗೆ ಚಾಚಿದ. ಅತ್ತಿಗೆ ಕುರ್ಚಿಯಿಂದೆದ್ದು, ಬಾಗಿಲು ಸುತ್ತಿ ಹೊರಗೆ ಬಂದು, ಅವನ ಮೊಣಕೈ ಹಿಡಿದು ಕಂಡಿಯ ಎದುರಿಗೆ ನಿಲ್ಲಿಸಿದಳು.