ಮೂರಡಿಯ ಮಂಚ

ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಕೆಳಗಿನಿಂದ ಟೆಂಪೊದವನು ದಬ್ಬುತ್ತಿದ್ದ, ಮೇಲಿನಿಂದ ಅವಳು ಎಳೆಯುತ್ತಿದ್ದಳು. "ಅಕ್ಕಾ, ಮಂಚ ತಾನೇ ಇದು? ಒಳ್ಳೇ ಹೆಣದ ಥರ ಭಾರ ಇದೆ," ಎಂದ ಅವನು. ಬಡಗಿಯ ಹೆಂಡತಿ ಅಂಗಡಿಯಿಂದ ಮಂಚ ಹೊತ್ತು ತಂದಳೆಂದರೆ ಬೀದಿಗೆಲ್ಲ ಪುಕ್ಕಟೆ ತಮಾಷೆ. ಅದಕ್ಕೇ ಅವಳು ಪೆಟ್ಟಿಗೆಗೆ ಹಳೆಯ ಹೊದಿಕೆ ಸುತ್ತಿದ್ದಳು.

ಯಾರೋ ಕೊಂಡು, ಬಿಚ್ಚಿ, ಬೇಡವೆಂದು ವಾಪಸು ಕೊಟ್ಟಿದ್ದ ಮಾಲು ಅದು. ಒಂದು ಹಲಗೆಯ ಮೂಲೆ ಜಜ್ಜಿಹೋಗಿದ್ದರಿಂದ ಅರ್ಧ ಬೆಲೆಗೆ ಬಿದ್ದಿತ್ತು. ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳಿಗೆ ಎಟುಕಿದ್ದು ಅಷ್ಟೇ. ಅವಳಿಗೆ ಚಂದದ ಮಂಚವೇನೂ ಬೇಕಿರಲಿಲ್ಲ. ಗಂಡನ ಪಕ್ಕದಲ್ಲಿ ಇನ್ನೊಂದು ದಿನವೂ ಮಲಗಬಾರದು, ಅಷ್ಟು ಸಾಕಿತ್ತು. ಮದುವೆಯಾದ ಹೊಸದರಲ್ಲಿ ಅವನು ತೇಗದ ಹಲಗೆಗಳನ್ನು ತಂದು ಹಿಂದಿನ ಕೋಣೆಯಲ್ಲಿ ಪೇರಿಸಿ, "ನಿಂಗೆ ರಾಣಿ ಮಂಚ ಮಾಡಿಕೊಡ್ತೀನಿ" ಎಂದಿದ್ದ. ಊರಿನವರಿಗೆಲ್ಲ ಮಂಚ ಮಾಡಿಕೊಟ್ಟ. ಇವಳಿಗೆ ಕೊಟ್ಟದ್ದು ಏಟು.

ಅದಕ್ಕೂ ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಗ ಕೈ ಎತ್ತಿದ ಕೂಡಲೇ ಅತ್ತೆ ರಿಮೋಟ್ ಎತ್ತುತ್ತಿದ್ದರು. ಟೀವಿ ಜೋರಾಗುತ್ತಿತ್ತು. ಅಕ್ಕಪಕ್ಕದವರಿಗೆ ಧಾರಾವಾಹಿಗಳ ಹಾಡೆಲ್ಲ ಬಾಯಿಪಾಠ. "ನಿಮ್ಮತ್ತೇಗೆ ಕಿವಿ ಮಂದವಾ?" ಎಂದು ಕೇಳಿದರೆ ಅವಳು ಹೂಂ ಎನ್ನುತ್ತಿದ್ದಳು. ಅತ್ತೆಯ ಕಿವಿ ನೆಟ್ಟಗೇ ಇತ್ತು.

ಹಿಂದಿನ ಕೋಣೆಯ ನೆಲದ ತುಂಬ ಅವಳು ಪೆಟ್ಟಿಗೆಯ ಹಲಗೆಗಳನ್ನು ಹರಡಿಕೊಂಡು ಕೂತಿದ್ದಾಗ ಅವನು ಬಂದ. ಸಂಜೆಗೆ ಬರಬೇಕಿದ್ದವನು ಊಟದ ಹೊತ್ತಿಗೇ ಬಂದುಬಿಟ್ಟ. ಉಪಕರಣದ ಚೀಲ ಕೆಳಗಿಟ್ಟು, ಒಂದು ಹಲಗೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ.

"ಇದು ಮರಾನೇನೇ? ಮರದ ಹೊಟ್ಟಿಗೆ ಅಂಟು ಕಲಸಿದ್ದಾರೆ. ಬಿಸ್ಕತ್ತು ಕಣೇ ಇದು. ಟೀಗೆ ಅದ್ದಿಕೊಂಡು ತಿನ್ನು."

ಹೊರಗೆ ಅತ್ತೆ ನಕ್ಕರು. ಅವಳೂ ನಕ್ಕಳು. ಅವನ ಕಸುಬಿಗೆ ಅವಮಾನವಾಯಿತೆಂದು ಎರಡು ಏಟು ಬೀಳಬಹುದು ಎಂದಷ್ಟೇ ಅವಳು ಲೆಕ್ಕ ಹಾಕಿದ್ದಳು. ಅವನ ಕೈಯ ಚಟವನ್ನು ಮರೆತಿದ್ದಳು. ಮರದ ತುಂಡು ಕಂಡರೆ ಅವನು ಅಳೆಯದೆ ಇರುವವನಲ್ಲ. ಅಡ್ಡಪಟ್ಟಿಯೊಂದನ್ನು ಎತ್ತಿಕೊಂಡು, ಮಾತಾಡುತ್ತಲೇ ಗೇಣು ಹಾಕಿದ. ನಾಲ್ಕು ಗೇಣಿಗೆ ಪಟ್ಟಿ ಮುಗಿಯಿತು. ನಗು ನಿಲ್ಲಿಸಿ ಮತ್ತೆ ಅಳೆದ.

"ಮೂರೇ ಅಡಿ. ಇಬ್ಬರಿಗೆ ಸಾಲಲ್ಲ."

ಅವಳು ಪೆಟ್ಟಿಗೆಯಲ್ಲಿ ಬಂದಿದ್ದ ಜೋಡಣೆಯ ಚಿತ್ರದ ಹಾಳೆಯನ್ನು ನೆಲದ ಮೇಲೆ ಬಿಡಿಸಿಟ್ಟಳು.

"ಯಾರಿಗೆ? ಅಮ್ಮಂಗಾ?"

"ನಂಗೆ. ಇನ್ಮೇಲೆ ನಾನು ಇಲ್ಲೇ ಒಬ್ಬಳೇ ಮಲಗ್ತೀನಿ."

ಪಟ್ಟಿ ಮೊದಲು ಭುಜಕ್ಕೆ ಬಿತ್ತು, ಆಮೇಲೆ ಕಿವಿಗೆ. ಹೊರಗೆ ಟೀವಿಯ ದನಿ ಏರಿತು. ಯಾರೋ ಸೋಪಿನ ಗುಣಗಾನ ಮಾಡುತ್ತಿದ್ದರು. ಮೂರನೆಯ ಏಟಿಗೆ ಪಟ್ಟಿಯೇ ಮುರಿಯಿತು. "ಥೂ, ಹೊಡೆಯೋಕೂ ಆಗಲ್ಲ ಇದು!" ಎಂದವನು ಅವಳ ಜಡೆ ಸುತ್ತಿಹಿಡಿದು ಮುಖವನ್ನು ಗೋಡೆಗೆ ಅಪ್ಪಳಿಸಿದ. ತುಟಿ ಸೀಳಿ ಬಾಯಿ ತುಂಬ ರಕ್ತ ಬಂತು. ಒಂದು ಹಲ್ಲು ನಾಲಿಗೆಯ ಮೇಲೆ ಹೊರಳಿತು.

ಅವಳನ್ನು ಬಿಟ್ಟು ಅವನು ಮಂಚದ ಹಲಗೆಗಳ ಮೇಲೆ ಹರಿಹಾಯ್ದ. ಚೀಲದಿಂದ ಸುತ್ತಿಗೆ ತೆಗೆದು ತಲೆಯ ಕಡೆಯ ಹಲಗೆಯನ್ನು ನಾಲ್ಕೇಟಿಗೆ ಪುಡಿ ಮಾಡಿದ. ತನ್ನ ಮೈಮೇಲೆ ಬಿದ್ದ ಯಾವ ಏಟಿಗೂ ಅವಳಿಗೆ ಇಷ್ಟು ರೋಷ ಬಂದಿರಲಿಲ್ಲ. ಅವನು ಸುತ್ತಿಗೆ ಬದಿಗಿಟ್ಟು ಮುಂದಿನ ಹಲಗೆಯನ್ನು ಎಳೆದುಕೊಂಡ. ಹಾಳು ಮಾಡುವುದರಲ್ಲೂ ಅಚ್ಚುಕಟ್ಟು. ಮಂಡಿಯೂರಿ, ಎರಡೂ ಅಂಗೈ ಊರಿ, ಹಲಗೆಯನ್ನು ನೆಲಕ್ಕೆ ಸಮ ಕೂರಿಸುತ್ತಿದ್ದ.

ಅವಳು ಸುತ್ತಿಗೆ ಎತ್ತಿ ಅವನ ಬಲಗೈಯ ಮೇಲೆ ಬಿಟ್ಟಳು. ಮೂಳೆ ಲಟಕ್ಕೆಂದಿತು. ಅವನು ಕೈ ಎಳೆದುಕೊಳ್ಳುವ ಮೊದಲೇ ಇನ್ನೊಂದು ಬಿತ್ತು.

ಅಂಥ ಕೂಗು ಆ ಮನೆಯಲ್ಲಿ ಹಿಂದೆಂದೂ ಕೇಳಿರಲಿಲ್ಲ. ಅತ್ತೆ ಓಡಿಬಂದು ಬಾಗಿಲಲ್ಲಿ ನಿಂತರು. "ಅಮ್ಮಾ, ಕೊಂದುಬಿಟ್ಳಮ್ಮಾ! ಯಾರನ್ನಾದ್ರೂ ಕರಿಯಮ್ಮಾ!" ಎಂದು ಅವನು ನೆಲದಲ್ಲಿ ಹೊರಳಾಡುತ್ತಿದ್ದ. ಅತ್ತೆ ಮಗನ ಕೈ ನೋಡಿದರು. ಸೊಸೆಯ ಬಾಯಿ ನೋಡಿದರು. ರಿಮೋಟ್ ಅವರ ಕೈಯಲ್ಲೇ ಇತ್ತು. ಹಿಂದಕ್ಕೆ ತಿರುಗಿ ಗುಂಡಿ ಒತ್ತಿದರು. ಟೀವಿ ಇನ್ನೂ ಜೋರಾಯಿತು.

ಅವನು ಎಡಗೈ ಚಾಚಿ ಅವಳ ಕಾಲು ಹಿಡಿದೆಳೆಯಲು ನೋಡಿದ. ಅವಳು ಸುತ್ತಿಗೆ ಎತ್ತಿ ಹಿಡಿದಳು.

"ಈ ಕೈಗೂ ಬೇಕೇನ್ರೀ?"

ಆಗಲೂ ಅವಳು 'ರೀ' ಬಿಟ್ಟಿರಲಿಲ್ಲ. ಅವನು ಗೋಡೆಗೆ ಒರಗಿ ಕೂತ.

"ಆಸ್ಪತ್ರೆಗೆ ಹೋಗ್ಬೇಕು, ಆಟೊ ಕರೀರೇ," ಎಂದು ನರಳಿದ. ಅತ್ತೆ ಒದ್ದೆ ಬಟ್ಟೆ ತಂದು ಅವನ ಕೈಗೆ ಸುತ್ತಿದರು. "ಸ್ವಲ್ಪ ತಡಕೋ. ಅವಳು ಮುಗಿಸ್ಲಿ," ಎಂದರು.

ಅವಳು ಚಿತ್ರದ ಹಾಳೆ ನೋಡುತ್ತ ಪಕ್ಕದ ಹಲಗೆಗಳನ್ನು ಕಾಲುಗಳಿಗೆ ಸೇರಿಸಿದಳು. ತುಟಿಯಿಂದ ತೊಟ್ಟಿಕ್ಕಿದ್ದನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ, ಹಾಳೆಯ ಜೊತೆ ಬಂದಿದ್ದ ಸಣ್ಣ ಕೀಲಿಯಿಂದ ಒಂದೊಂದೇ ಸ್ಕ್ರೂ ತಿರುಗಿಸಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ತೆರೆದಾಗ ಸುಮ್ಮನಿರಲು ಆಗಲಿಲ್ಲ.

"ಎಡಗಡೇದು ತಿರುಗಾಮುರುಗಾ ಆಗಿದೆ. ಒಳಮೈ ಹೊರಗೆ ಬಂದಿದೆ ನೋಡು."

ಅವಳು ನೋಡಿದಳು. ಹೌದು, ಬಣ್ಣವಿಲ್ಲದ ಒರಟು ಮೈ ಹೊರಗಿತ್ತು. ಬಿಚ್ಚಲಿಲ್ಲ. ಅದೇ ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು.

ಉಳಿದ ಪಟ್ಟಿಗಳನ್ನು ಅವಳು ಜೋಡಿಸಿ ಮುಗಿಸಿದ ಮೇಲೆ ಅತ್ತೆ ಮಗನನ್ನು ಎಬ್ಬಿಸಿಕೊಂಡು ಮೆಟ್ಟಿಲಿಳಿದರು. ಹಾಸಿಗೆಯಿಲ್ಲದ ಬರಿಯ ಪಟ್ಟಿಗಳ ಮೇಲೆ ಅವಳು ಕಾಲು ಚಾಚಿದಳು. ಸುತ್ತಿಗೆಯನ್ನು ಗೋಡೆಯ ಕಡೆ ಮಲಗಿಸಿಕೊಂಡಳು. ಇಬ್ಬರಿಗೂ ಜಾಗ ಸಾಕಾಯಿತು.